ಓದುಗರ ಪ್ರಶ್ನೆ: ಯೌವನಸ್ಥರು ಕ್ರೈಸ್ತ ಸಭೆ (ಚರ್ಚ್) ಬಿಟ್ಟು ಹೋಗುತ್ತಿದ್ದಾರೆ

ಪ್ರಶ್ನೆ: ದೃಢೀಕರಣದವರೆಗೆ (ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿ) ತಪ್ಪದೆ ಬರುತ್ತಿದ್ದ ಮಕ್ಕಳು ಆಮೇಲೆ ಸಭೆಯತ್ತ ತಲೆ ಹಾಕುವುದಿಲ್ಲ. ಗಿಟಾರ್, ದೊಡ್ಡ ಪರದೆ ತಂದರೆ ಬಂದಾರೆಯೇ?

ಉತ್ತರ: ನಿಮ್ಮ ಸಭೆಯೊಂದರ ಪಾಡಲ್ಲ ಇದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ಕ್ರೈಸ್ತರೆಂದು ಬರೆಸಿದವರು 2011ರಲ್ಲಿ ಶೇ. 59.3 ಇದ್ದರು, 2021ರಲ್ಲಿ ಶೇ. 46.2ಕ್ಕೆ ಇಳಿದರು. ಪರದೆ ಬೇಕಿದ್ದರೆ ತನ್ನಿ, ಆದರೆ ಕೇಳಲಾಗದ ಪ್ರಶ್ನೆಯನ್ನು ಹೊತ್ತು ಹೋದವರಿಗೆ ಹಾಡು ಉತ್ತರವಾಗದು.

ಮೊದಲು ಪ್ರಶ್ನೆಗೆ ಜಾಗ ಮಾಡಿ. ಆರೆಂಟು ಯೌವನಸ್ಥರು, ಇಬ್ಬರು ಹಿರಿಯರು, ವಾರಕ್ಕೊಂದು ಗಂಟೆ ಸಾಕು. ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಯಲಿ. ಪೆನ್ನುಗಳೆಲ್ಲ ಒಂದೇ ಬಣ್ಣದವಿರಲಿ. ಪ್ರಶ್ನೆ ಇಲ್ಲದವರೂ ಏನಾದರೂ ಗೀಚಿ ಮಡಚಿ ಹಾಕಲಿ. ಇಲ್ಲವಾದರೆ ಬರೆದವರು ಯಾರೆಂದು ಕೂಡಲೇ ತಿಳಿದುಬಿಡುತ್ತದೆ. ಒಂದು ಸಲಕ್ಕೆ ಒಂದೇ ಚೀಟಿ ತೆಗೆಯಿರಿ. ಮೊದಲ ಇಪ್ಪತ್ತು ನಿಮಿಷ ಹಿರಿಯರು ಬಾಯಿ ತೆರೆಯಕೂಡದು. ಪಾದ್ರಿಗಳಿಗೆ ಇದು ಬಹಳ ಕಷ್ಟ, ಆದರೂ ತಡೆದುಕೊಳ್ಳಲಿ. ಉಪದೇಶ ಶುರುವಾದರೆ ಚರ್ಚೆ ಅಲ್ಲಿಗೇ ಸತ್ತುಹೋಗುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಮುಂದಿನ ವಾರ ಓದಿಕೊಂಡು ಬನ್ನಿ.

ಹೆಚ್ಚಾಗಿ ಕೆಡುವುದು ಮಾತು ಹೊರಗೆ ಹೋದಾಗ. “ನಿಮ್ಮ ಮಗ ಪುನರುತ್ಥಾನವನ್ನೇ, ಯೇಸು ಸತ್ತು ಮತ್ತೆ ಎದ್ದದ್ದನ್ನೇ, ನಂಬುವುದಿಲ್ಲವಂತೆ” ಎಂದು ಯಾರಾದರೂ ತಂದೆಯ ಕಿವಿಗೆ ಹಾಕಿದರೆ ಮುಂದಿನ ವಾರ ಚೀಟಿಗಳೆಲ್ಲ ಖಾಲಿ. ಯಾರದಾದರೂ ಜೀವಕ್ಕೆ ಅಪಾಯ ಕಂಡರೆ ಮಾತ್ರ ಗುಟ್ಟು ಉಳಿಸಲಾಗದು. ಅದನ್ನು ಮೊದಲ ದಿನವೇ ಹೇಳಿಬಿಡಿ.

ಯೋಹಾನನ ಸುವಾರ್ತೆಯ 20ನೇ ಅಧ್ಯಾಯ ತೆರೆದು ನೋಡಿ. ಸತ್ತು ಎದ್ದ ಯೇಸುವಿನ ಗಾಯಗಳನ್ನು ಮುಟ್ಟದೆ ನಂಬೆನೆಂದ ಶಿಷ್ಯ ತೋಮನು ಎಂಟು ದಿನಗಳ ಮೇಲೂ ಉಳಿದ ಶಿಷ್ಯರ ಜೊತೆಯಲ್ಲೇ, ಅದೇ ಮನೆಯೊಳಗೇ ಇದ್ದಾನೆ. ಯಾರೂ ಅವನನ್ನು ಹೊರಗೆ ಹಾಕಿರಲಿಲ್ಲ. ಯೇಸು ಅವನಿಗೆ ಕಾಣಿಸಿಕೊಂಡದ್ದು ಅಲ್ಲಿಯೇ.

ಪ್ರಶ್ನೆ: ಮಗಳು ತನಗೆ ಯಾವ ಧರ್ಮವೂ ಬೇಡ ಎನ್ನುತ್ತಾಳೆ. ಕೂರಿಸಿ ಬುದ್ಧಿ ಹೇಳಲೇ?

ಉತ್ತರ: ಬೇಡಮ್ಮ. “ಎಂಥ ದೇವರನ್ನು ನಂಬಲು ನಿನಗೆ ಆಗುತ್ತಿಲ್ಲ?” ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಕುಟುಂಬ ಪ್ರಾರ್ಥನೆ ನಿಲ್ಲಿಸಬೇಡಿ, ಅವಳನ್ನು ಬಲವಂತದಿಂದ ಕೂರಿಸಲೂಬೇಡಿ. “ಕರ್ತನೇ, ಇವಳಿಗೆ ಒಳ್ಳೆ ಬುದ್ಧಿ ಕೊಡು” ಎಂದು ಅವಳೆದುರು ಪ್ರಾರ್ಥಿಸಿದರೆ ಅದು ದೇವರಿಗಲ್ಲ, ತನಗೇ ಹೇಳಿದ್ದೆಂದು ಅವಳಿಗೆ ಗೊತ್ತಾಗುತ್ತದೆ. ಕ್ರಿಸ್ಮಸ್ ಆರಾಧನೆಗೆ ತಾನಾಗಿ ಬಂದರೆ “ಅಂತೂ ಬಂದೆಯಲ್ಲ” ಎನ್ನದೆ ಪಕ್ಕದಲ್ಲಿ ಜಾಗ ಬಿಡಿ, ಹಾಡಿನ ಪುಸ್ತಕ ಅವಳತ್ತ ಸರಿಸಿ.