ಪ್ಲೇಟ್ ಹಾಕಿಸಿದ್ದೆ, ಆದರೂ ಇಂಜಿನ್ ಹೋಯಿತು

ತೋಟದ ದಾರಿಯಲ್ಲಿ ಕಾರಿನ ಅಡಿ ತಾಗುತ್ತೆ, ಚೇಂಬರ್ (ಇಂಜಿನ್ ಅಡಿಯಲ್ಲಿ ಆಯಿಲ್ ತುಂಬಿರುವ ಪಾತ್ರೆ) ಉಳಿಸೋಕೆ 3 ಮಿ.ಮೀ. ಕಬ್ಬಿಣದ ಪ್ಲೇಟ್ ಹಾಕಿಸಲಾ, 5 ಮಿ.ಮೀ. ಅಲ್ಯೂಮಿನಿಯಂ ಹಾಕಿಸಲಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ಹೊಟ್ಟೆಯಲ್ಲಿ ಒಂಥರಾ ಆಯಿತು. 2018ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಹಾಸನದ ಒಂದು ವೆಲ್ಡಿಂಗ್ ಶಾಪ್ ಮುಂದೆ ನಿಂತಿದ್ದೆ. ದಪ್ಪ ಎಷ್ಟಿರಬೇಕು ಅಂತ ಮಾತ್ರ ಕೇಳಿದೆ. ಬೇರೆ ಏನನ್ನೂ ಕೇಳಲಿಲ್ಲ.

ನಮ್ಮ ಮಾವನ ಕಾಫಿ ತೋಟ ಸಕಲೇಶಪುರ ತಾಲೂಕಿನ ಹೆತ್ತೂರು ಕಡೆ. ಟಾರ್ ರಸ್ತೆ ಬಿಟ್ಟ ಮೇಲೆ 4 ಕಿಲೋಮೀಟರ್ ಮಣ್ಣು ದಾರಿ. ಆ ವರ್ಷದ ಆಗಸ್ಟ್ ಮಳೆ ನಿಮಗೂ ನೆನಪಿರಬಹುದು. ಕೊಡಗಿನಲ್ಲಿ ಗುಡ್ಡಗಳೇ ಜಾರಿದವು, ಶಿರಾಡಿ ಘಾಟಿ ಮುಚ್ಚಿತು. ನಮ್ಮ ದಾರಿಯಲ್ಲಿ ಮಣ್ಣೆಲ್ಲ ಕೊಚ್ಚಿಹೋಗಿ ಒಳಗಿದ್ದ ಕಾಡುಗಲ್ಲುಗಳು ತಲೆ ಎತ್ತಿದವು. ಜೀಪಿನ ಚಕ್ರ ಕೊರೆದ ಎರಡು ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ನನ್ನದು ಚಿಕ್ಕ ಡೀಸೆಲ್ ಕಾರು. ಆ ದಿಬ್ಬಕ್ಕೆ ಅದರ ಹೊಟ್ಟೆ ಸರ್ ಅಂತ ಉಜ್ಜುತ್ತಿತ್ತು. ಕಂಪನಿಯಿಂದ ಬಂದಿದ್ದ ಪ್ಲಾಸ್ಟಿಕ್ ಕವರ್ ಅದೇ ಮಳೆಗಾಲದಲ್ಲಿ ಕಿತ್ತುಹೋಯಿತು. ಅದು ಇರೋದೇ ಕೆಸರು ನೀರು ಸಿಡಿಯದಿರಲಿ ಅಂತ. ಕಲ್ಲನ್ನು ಅದು ತಡೆಯಲ್ಲ.

ಕಾಗದದ ಮೇಲೆ ನನ್ನ ಕಾರಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಎತ್ತರ, 170 ಮಿ.ಮೀ. ಅದು ಖಾಲಿ ಗಾಡಿಯ ಲೆಕ್ಕ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಐದು ಜನ ಕೂತು ಡಿಕ್ಕಿ ತುಂಬಿದ ಮೇಲೆ ಸ್ಕೇಲ್ ಹಿಡಿದು ನೋಡಿದರೆ ಪ್ಲೇಟಿನ ಹತ್ತಿರ 130 ಕೂಡ ಇರಲಿಲ್ಲ. ಆದರೆ ಈ ಸ್ಕೇಲ್ ನಾನು ಹಿಡಿದಿದ್ದು ಎಲ್ಲ ಮುಗಿದ ಮೇಲೆ.

ಪ್ಲೇಟ್ ಮಾಡಿಸಿದ್ದು ಹೀಗೆ. 3 ಮಿ.ಮೀ. ಎಂ.ಎಸ್. ಶೀಟ್, ಅಂದರೆ ಮಾಮೂಲಿ ಕಬ್ಬಿಣದ ತಗಡು. ಸುಮಾರು 80 ಸೆಂ.ಮೀ. ಅಗಲ, 70 ಸೆಂ.ಮೀ. ಉದ್ದ. ತೂಕ 13 ಕೆ.ಜಿ. ಗಟ್ಟಿಯಾಗಿರಲಿ ಅಂತ ನಾಲ್ಕೂ ಅಂಚನ್ನು ಒಂದೊಂದು ಇಂಚು ಮೇಲಕ್ಕೆ ಮಡಚಿಸಿದೆ, ಊಟದ ತಟ್ಟೆಯ ಹಾಗೆ. ಕ್ಲಿಯರೆನ್ಸ್ ಕಡಿಮೆ ಆಗಬಾರದು ಅಂತ ಚೇಂಬರ್‌ಗೆ ಅಂಟಿಕೊಂಡ ಹಾಗೆ ಕೂರಿಸಿ ಅಂದೆ. ಮಧ್ಯೆ ಒಂದು ಬೆರಳು ತೂರುವಷ್ಟು ಜಾಗ ಉಳಿಯಿತು. "ಸಾರ್, ಆಯಿಲ್ ಬಿಡೋಕೆ ಒಂದು ತೂತು ಹೊಡೀಲಾ?" ಅಂತ ವೆಲ್ಡರ್ ಕೇಳಿದರು. ತೂತು ಹೊಡೆದರೆ ಗಟ್ಟಿತನ ಹೋಗುತ್ತೆ, ಸರ್ವೀಸ್‌ಗೆ ಹೋದಾಗ ಬಿಚ್ಚಿ ಹಾಕಿದರಾಯಿತು, ಬೇಡ ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ದೀಪಾವಳಿ ಮುಗಿಸಿ ತೋಟದಿಂದ ಹೊರಟಾಗ ಕತ್ತಲಾಗುತ್ತಿತ್ತು. ನಾನು, ಹೆಂಡತಿ, ಮಗಳು, ಅಪ್ಪ, ಅಮ್ಮ. ಡಿಕ್ಕಿಯಲ್ಲಿ ಎರಡು ಚೀಲ ತೆಂಗಿನಕಾಯಿ, ಒಂದು ಬಾಳೆಗೊನೆ. ಇಳಿಜಾರಿನಲ್ಲಿ ಎಡಗಡೆ ಚಕ್ರ ಜಾರಿ ಜಾಡಿನೊಳಗೆ ಬಿತ್ತು. ಡುಂ ಅಂತ ಒಂದು ಸದ್ದು. ಪಾದಕ್ಕೆ ತಾಗುವಂಥ ಸದ್ದು. ಇಳಿದು, ಕೆಸರಲ್ಲೇ ಮಂಡಿ ಊರಿ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಪ್ಲೇಟ್ ನಡುವೆ ತಗ್ಗಾಗಿತ್ತು. ನೆಲದ ಮೇಲೆ ಒಂದು ಹನಿ ಆಯಿಲ್ ಇಲ್ಲ. ಸದ್ಯ, ಪ್ಲೇಟ್ ಇದ್ದಿದ್ದಕ್ಕೆ ಉಳಿಯಿತು ಅಂದುಕೊಂಡು ಹೊರಟೆ.

ಟಾರ್ ರಸ್ತೆ ಸಿಕ್ಕಿ ಐದಾರು ಕಿಲೋಮೀಟರ್ ಆಗಿತ್ತು. ಒಂದು ತಿರುವಿನಲ್ಲಿ ಕೆಂಪು ಲೈಟ್ ಮಿಣುಕ್ ಅಂತು. ಗಿಂಡಿಯ ಆಕಾರ, ಅದರ ಮೂತಿಯಿಂದ ಒಂದು ಹನಿ. ತಿರುವು ಮುಗಿದ ಕೂಡಲೇ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಬಂತು. "ರೀ, ಏನೋ ಕೆಂಪು ಲೈಟ್ ಬರ್ತಿದೆ, ನಿಲ್ಸಿ ನೋಡಿ" ಅಂದಳು ನನ್ನ ಹೆಂಡತಿ. "ಕೆಳಗೆ ನೋಡಿದ್ನಲ್ಲ, ಏನೂ ಸೋರಿಲ್ಲ. ಸೆನ್ಸರ್ ವೈರ್ ಅಲುಗಿರಬೇಕು" ಅಂದೆ. ಆಮೇಲೆ ಲೈಟ್ ಆರಲೇ ಇಲ್ಲ. ಆಗಲೂ ನಿಲ್ಲಿಸಲಿಲ್ಲ. ಮುಂದಿನ ಊರಲ್ಲಿ ಗ್ಯಾರೇಜ್ ಇದೆ, ಇನ್ನು ಎರಡೇ ಕಿಲೋಮೀಟರ್ ಅಂದುಕೊಂಡೆ. ರಾತ್ರಿ ಹೊತ್ತು, ಕಾಡಿನ ದಾರಿ, ವಯಸ್ಸಾದವರು, ಮಗು. ನಿಲ್ಲಿಸೋಕೆ ಮನಸ್ಸು ಬರಲಿಲ್ಲ. ಊರಿನ ದೀಪ ಕಾಣುವ ಹೊತ್ತಿಗೆ ಇಂಜಿನ್ ಒಳಗೆ ಕಟ ಕಟ ಕಟ ಅಂತ ಸದ್ದು ಶುರುವಾಯಿತು. ಆಮೇಲೆ ಒಂದೇ ಸಲ ಹಿಡಿದುಕೊಂಡು ನಿಂತುಬಿಟ್ಟಿತು.

ಈ ಎರಡು ಕಿಲೋಮೀಟರನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ ನನಗೇ ಗೊತ್ತಿಲ್ಲ. ನಿಮಗೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಕಳೆದುಕೊಂಡಿದ್ದು ಇಲ್ಲೇ. ಆ ಕೆಂಪು ಲೈಟ್ ಆಯಿಲ್ ಎಷ್ಟಿದೆ ಅಂತ ಹೇಳೋದಲ್ಲ. ಆಯಿಲ್ ಪ್ರೆಷರ್ ಇಲ್ಲ ಅಂತ ಹೇಳೋದು. ಇಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡಕ್ಕೂ ಅದನ್ನು ಹಿಡಿದಿರುವ ಬೇರಿಂಗ್‌ಗೂ ನಡುವೆ ಕೂದಲಿಗಿಂತ ತೆಳುವಾದ ಆಯಿಲ್ ಪದರ ಇರುತ್ತೆ. ಪ್ರೆಷರ್ ಇದ್ದರೆ ಮಾತ್ರ ಆ ಪದರ ಉಳಿಯುತ್ತೆ. ಪ್ರೆಷರ್ ಹೋದರೆ ಲೋಹಕ್ಕೆ ಲೋಹ ಉಜ್ಜುತ್ತೆ. ತಿರುವಿನಲ್ಲಿ ಮಾತ್ರ ಲೈಟ್ ಬಂದಿದ್ದು ಯಾಕೆ ಗೊತ್ತಾ? ಚೇಂಬರ್‌ನಲ್ಲಿ ಉಳಿದಿದ್ದ ಸ್ವಲ್ಪ ಆಯಿಲ್ ತಿರುವಿನಲ್ಲಿ ಒಂದು ಪಕ್ಕಕ್ಕೆ ಸರಿಯುತ್ತಿತ್ತು. ಆಗ ಪಂಪಿನ ಬಾಯಿಗೆ ಗಾಳಿ ಸಿಗುತ್ತಿತ್ತು. ನೇರ ರಸ್ತೆಗೆ ಬಂದಾಗ ಮತ್ತೆ ಆಯಿಲ್ ಸಿಗುತ್ತಿತ್ತು. ಅಂದರೆ ಮೊದಲ ಸಲ ಮಿಣುಕಿದಾಗಲೇ ನಿಲ್ಲಿಸಿದ್ದರೆ ಇಂಜಿನ್ ಉಳಿಯುವ ಸಾಧ್ಯತೆ ಜಾಸ್ತಿ ಇತ್ತು. ಹೊಸ ಚೇಂಬರ್, ಗ್ಯಾಸ್ಕೆಟ್, ಆಯಿಲ್, ಟೋಯಿಂಗ್. ಅಷ್ಟರಲ್ಲೇ ಮುಗಿಯುತ್ತಿತ್ತು. 25 ಕಿ.ಮೀ. ವೇಗದಲ್ಲಿ 2 ಕಿಲೋಮೀಟರ್ ಅಂದರೆ ಹತ್ತಿರ ಹತ್ತಿರ 5 ನಿಮಿಷ. ನಿಮಿಷಕ್ಕೆ 2000 ಸುತ್ತು ಅಂತ ಹಿಡಿದರೆ ಆಯಿಲ್ ಇಲ್ಲದೆ 10,000 ಸುತ್ತು. ಯಾವ ಬೇರಿಂಗ್ ತಡೆಯುತ್ತೆ ಹೇಳಿ?

ಮಾರನೇ ದಿನ ಹಾಸನದ ಗ್ಯಾರೇಜಿನಲ್ಲಿ ಗಾಡಿ ಎತ್ತಿದರು. ನಾನು ಕೆಳಗೆ ನಿಂತಿದ್ದೆ. ಮೆಕ್ಯಾನಿಕ್ ಪ್ಲೇಟಿನ ಹಿಂದಿನ ಎರಡು ಬೋಲ್ಟ್ ಸಡಿಲಿಸಿದರು. ಪ್ಲೇಟ್ ಓರೆಯಾಯಿತು. ಕಪ್ಪು ಆಯಿಲ್ ಧಾರೆಯಾಗಿ ಸುರಿದು ಟ್ರೇ ತುಂಬಿತು. ಅದರ ಮೇಲೆ ಒಂದು ಕಾಫಿ ಎಲೆ ತೇಲುತ್ತಿತ್ತು. ನಾನು ಕೆಸರಲ್ಲಿ ಮಂಡಿ ಊರಿ ನೋಡಿದಾಗ ಒಂದು ಹನಿಯೂ ಕಾಣಲಿಲ್ಲ ಅಂದೆನಲ್ಲ, ಆಯಿಲ್ ಆಗಲೇ ಸೋರೋಕೆ ಶುರುವಾಗಿತ್ತು. ನನ್ನ ತಟ್ಟೆ ಅದನ್ನು ಹಿಡಿದಿಟ್ಟುಕೊಂಡಿತ್ತು. ಅಂಚು ಮಡಚಿಸಿದವನು ನಾನು, ತೂತು ಬೇಡ ಅಂದವನೂ ನಾನು. ಪ್ಲೇಟ್ ಕಲ್ಲಿಗೆ ಬಗ್ಗಿ ಚೇಂಬರನ್ನು ಒತ್ತಿತ್ತು. ಹಳೇ ಆಯಿಲ್ ಬಿಡೋಕೆ ಬಿಚ್ಚುವ ಡ್ರೈನ್ ಬೋಲ್ಟ್ ಪಕ್ಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಬಿರುಕು. ಅಷ್ಟೇ.

ಇಂಜಿನ್ ಇಳಿಸಿದರು. ಬೇರಿಂಗ್‌ಗಳು ಸವೆದು ಕ್ರ್ಯಾಂಕ್‌ಗೆ ಅಂಟಿಕೊಂಡಿದ್ದವು. ಒಟ್ಟು ಖರ್ಚು 1 ಲಕ್ಷದ 12 ಸಾವಿರ. ಇನ್ಶೂರೆನ್ಸ್ ಸರ್ವೇಯರ್ ಬಂದು ಒಂದೇ ಪ್ರಶ್ನೆ ಕೇಳಿದರು: "ಲೈಟ್ ಬಂದ ಮೇಲೆ ಎಷ್ಟು ದೂರ ಓಡಿಸಿದ್ರಿ?" ಇದ್ದಿದ್ದು ಇದ್ದ ಹಾಗೆ ಹೇಳಿದೆ. ಚೇಂಬರ್‌ಗೆ ದುಡ್ಡು ಬಂತು, ಇಂಜಿನ್‌ಗೆ ಬರಲಿಲ್ಲ. ಅವರನ್ನು ನಾನು ದೂರಲ್ಲ. ಕಲ್ಲು ತಾಗಿ ಚೇಂಬರ್ ಒಡೆದರೆ ಅದು ಅಪಘಾತ. ಆಮೇಲೂ ಓಡಿಸಿ ಇಂಜಿನ್ ಕೆಡಿಸಿಕೊಂಡರೆ ಮಾಮೂಲಿ ಪಾಲಿಸಿಯಲ್ಲಿ ಅದು ಸೇರಲ್ಲ. ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ಸಿಗುತ್ತೆ. ಅದನ್ನು ತಗೊಂಡರೂ ಷರತ್ತು ಓದಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಬ್ಬಿಣವಾ ಅಲ್ಯೂಮಿನಿಯಮ್ಮಾ ಅಂದರೆ, ಕಬ್ಬಿಣ. ಕಲ್ಲಿನ ಮೇಲೆ ಅದು ಜಾರುತ್ತೆ, ಬಗ್ಗಿದರೆ ಸುತ್ತಿಗೆಯಲ್ಲಿ ಬಡಿದು ಸರಿ ಮಾಡಬಹುದು, ಯಾವ ಊರಲ್ಲಾದರೂ ವೆಲ್ಡ್ ಮಾಡುತ್ತಾರೆ. ಅಲ್ಯೂಮಿನಿಯಂ ಹಗುರ ನಿಜ. ಅದೇ ಅಳತೆಯ 5 ಮಿ.ಮೀ. ಶೀಟ್ 8 ಕೆ.ಜಿ. ಒಳಗೇ ಮುಗಿಯುತ್ತೆ. ಆದರೆ ಮೆತ್ತಗಿರುವುದರಿಂದ ಚೂಪು ಕಲ್ಲು ಅದರೊಳಗೆ ಕಚ್ಚಿಕೊಳ್ಳುತ್ತೆ. ಇಷ್ಟು ಸಾಕು. ಯಾಕೆಂದರೆ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ದಪ್ಪ ಎಷ್ಟು ಅನ್ನೋದು ಕೊನೆಯ ಮಾತು. ಮೊದಲು ನೋಡಬೇಕಾದ್ದು ಪ್ಲೇಟಿಗೂ ಚೇಂಬರ್‌ಗೂ ನಡುವೆ ಜಾಗ ಎಷ್ಟಿದೆ ಅಂತ. ಎಂಥ ಪ್ಲೇಟೂ ಒಂದು ಟನ್ ಗಾಡಿಯ ಭಾರ ಬಿದ್ದಾಗ ಸ್ವಲ್ಪ ಬಗ್ಗೇ ಬಗ್ಗುತ್ತೆ. ಬಗ್ಗೋಕೆ ಜಾಗ ಇಲ್ಲದಿದ್ದರೆ ಕಲ್ಲಿನ ಪೆಟ್ಟು ನೇರ ಚೇಂಬರ್‌ಗೇ ಹೋಗುತ್ತೆ. ನನ್ನದು ಎರಕದ ಅಲ್ಯೂಮಿನಿಯಂ ಚೇಂಬರ್, ಅದಕ್ಕೇ ಬಿರುಕು ಬಿಟ್ಟಿತು. ಕೆಲವು ಗಾಡಿಗಳಲ್ಲಿ ತಗಡಿನ ಚೇಂಬರ್ ಇರುತ್ತೆ. ಅದು ಒಡೆಯಲ್ಲ, ಒಳಗೆ ತಗ್ಗಾಗುತ್ತೆ. ತಗ್ಗು ದೊಡ್ಡದಾದರೆ ಒಳಗೆ ಪಂಪು ಆಯಿಲ್ ಹೀರುವ ಜಾಲರಿಯ ಬಾಯಿ ಮುಚ್ಚಿ ಆಯಿಲ್ ಮೇಲೇರಲ್ಲ. ಸೋರಿಕೆಯೂ ಕಾಣಲ್ಲ. ಅದು ಇನ್ನೂ ಅಪಾಯ.

ನಾನು ಎರಡನೇ ಸಲ ಮಾಡಿಸಿದ ಪ್ಲೇಟಿನಲ್ಲಿ ಒಂದು ಇಂಚಿಗಿಂತ ಜಾಸ್ತಿ ಜಾಗ ಬಿಡಿಸಿದೆ. ಕ್ಲಿಯರೆನ್ಸ್ ಅಷ್ಟು ಕಡಿಮೆ ಆಯಿತು. ಆಗಲಿ. ಮುಂದಿನ ಅಂಚು ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿದೆ, ಉಳಿದ ಮೂರು ಅಂಚು ಮಡಚಿಸಿಲ್ಲ. ಗಟ್ಟಿತನಕ್ಕೆ ಉದ್ದುದ್ದ ಮೂರು ಉಬ್ಬು ಗೀರು ಒತ್ತಿಸಿದ್ದೇನೆ. ಡ್ರೈನ್ ಬೋಲ್ಟ್ ಕೆಳಗೆ ಮುಷ್ಟಿಯಷ್ಟು ತೂತು, ಹಿಂದೆ ನಾಲ್ಕು ಸೀಳು. ಸೋರಿದರೆ ನೆಲಕ್ಕೆ ಬೀಳಬೇಕು, ನನ್ನ ಕಣ್ಣಿಗೆ ಕಾಣಬೇಕು. ಇಂಜಿನ್ ಬಿಸಿಗಾಳಿ ಹೊರಗೆ ಹೋಗೋಕೂ ಆ ಸೀಳು ಬೇಕು. ಬೋಲ್ಟ್ ತಲೆ ಕೆಳಗೆ ಚಾಚಿಕೊಂಡಿದ್ದರೆ ಕಲ್ಲು ಅದನ್ನೇ ಕಿತ್ತುಕೊಂಡು ಹೋಗುತ್ತೆ, ಒಳಗೆ ಕೂರುವ ಹಾಗೆ ಗುಳಿ ಮಾಡಿಸಿ. ಸಬ್‌ಫ್ರೇಮ್‌ನಲ್ಲಿ (ಇಂಜಿನ್ ಕೆಳಗಿನ ಕಬ್ಬಿಣದ ಚೌಕಟ್ಟು) ಮೊದಲೇ ಇರುವ ತೂತುಗಳಿಗೇ ಹಾಕಿಸಿ. ಚಾಸಿಗೆ ವೆಲ್ಡ್ ಮಾಡ್ತೀನಿ ಅಂದರೆ ಗಾಡಿ ವಾಪಸ್ ತಗೊಂಡು ಬನ್ನಿ. ಎದುರಿನಿಂದ ಗುದ್ದಿದಾಗ ಮುಂಭಾಗ ಮಡಚಿಕೊಳ್ಳಲಿ ಅಂತಲೇ ಕಾರು ಕಟ್ಟಿರುತ್ತಾರೆ. ಅಲ್ಲಿ ಸುಮ್ನೆ ಕಬ್ಬಿಣ ಬಿಗಿಸೋದು ಒಳಗೆ ಕೂತವರಿಗೆ ಒಳ್ಳೇದಲ್ಲ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನೀವು ವಾರ ವಾರ ಹೋಗೋದು ಒಂದೇ ದಾರಿಯಲ್ಲಿ, ಅಲ್ವಾ? ತಾಗುವ ಜಾಗ ಎಷ್ಟಿರುತ್ತೆ? ನಾಲ್ಕೋ ಐದೋ. ನನ್ನ ಇಂಜಿನ್ ತೆಗೆದ ಕಲ್ಲನ್ನು ಮುಂದಿನ ವಾರ ಮಾವ ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ ಹಾರೆ ಹಾಕಿ ಎಬ್ಬಿಸಿದರು. ಅರ್ಧ ಗಂಟೆ ಕೆಲಸ. ಆ ಜಾಡಿಗೆ ಎರಡು ಟ್ರ್ಯಾಕ್ಟರ್ ಜಲ್ಲಿ ಹೊಡೆಸಿ, ಪಕ್ಕದಲ್ಲಿ ನೀರು ಹೋಗೋಕೆ ಚರಂಡಿ ತೆಗೆಸಿದೆವು. ಚರಂಡಿ ತೆಗೆಯದೆ ಜಲ್ಲಿ ಹಾಕಿದರೆ ಮುಂದಿನ ಮಳೆಗೆ ಅದೂ ಹೋಗುತ್ತೆ. ನಾನು ಪ್ಲೇಟಿಗೆ ಸುರಿದ ದುಡ್ಡನ್ನು ಮೊದಲೇ ಅಲ್ಲಿ ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ನಿಮಗೂ ಅದನ್ನೇ ಹೇಳುತ್ತೇನೆ. ಮೊದಲು ಹಾರೆ, ಆಮೇಲೆ ಪ್ಲೇಟ್. ದಾರಿ ನಿಮ್ಮದಲ್ಲದಿದ್ದರೆ, ಪಕ್ಕದ ತೋಟದವರನ್ನು ಕೇಳಿ. ಅವರ ಗಾಡಿಗೂ ತಾಗುತ್ತಿರುತ್ತೆ. ಜನ, ಲಗೇಜ್ ಜಾಸ್ತಿ ಇದ್ದ ದಿನ ಕೆಟ್ಟ ಜಾಗದಲ್ಲಿ ಎಲ್ಲರನ್ನೂ ಇಳಿಸಿ. ಎರಡು ನಿಮಿಷದ ನಡಿಗೆ. ಚಕ್ರವನ್ನು ಜಾಡಿನಲ್ಲಿ ಬಿಡಬೇಡಿ, ಒಂದನ್ನು ದಿಬ್ಬದ ಮೇಲೆ, ಇನ್ನೊಂದನ್ನು ದಾರಿಯ ಅಂಚಿಗೆ ಹತ್ತಿಸಿ.

ಪ್ಲೇಟ್ ಈಗಾಗಲೇ ಹಾಕಿಸಿಬಿಟ್ಟಿದ್ದರೆ ಮಳೆಗಾಲ ಮುಗಿದ ಕೂಡಲೇ ಬಿಚ್ಚಿಸಿ ತೊಳೆಸಿ. ನಮ್ಮ ಕಡೆ ಕೆಂಪು ಮಣ್ಣು, ಎಲೆ ಎಲ್ಲ ಅದರೊಳಗೆ ಸೇರಿ ಗಟ್ಟಿಯಾಗುತ್ತೆ. ಬೇಸಿಗೆಯಲ್ಲಿ ಒಣಗಿದ ಎಲೆ ಸೈಲೆನ್ಸರ್ ಪೈಪಿನ ಹತ್ತಿರ ಇರೋದು ಬೇಡ.

ಇನ್ನು ಎಲ್ಲಾದರೂ ಜೋರಾಗಿ ತಾಗಿದರೆ ಟಾರ್ಚ್ ಹಾಕಿ ನೋಡಿದ್ದು ಸಾಲದು. ಸಮತಟ್ಟು ಜಾಗದಲ್ಲಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಬಾನೆಟ್ ಎತ್ತಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆದು ಒರೆಸಿ, ಮತ್ತೆ ಹಾಕಿ ಎಳೆದು ನೋಡಿ. ಹೊರಡುವಾಗ ಎಷ್ಟಿತ್ತು ಅಂತ ಗೊತ್ತಿದ್ದರೆ ಈಗ ಕಡಿಮೆ ಆಗಿದ್ದು ತಿಳಿಯುತ್ತೆ, ಅದಕ್ಕೇ ನಾನು ತೋಟಕ್ಕೆ ಹೋಗುವ ದಿನ ಬೆಳಿಗ್ಗೆ ಮನೆಯಲ್ಲೇ ಒಂದು ಸಲ ನೋಡಿಕೊಳ್ಳುತ್ತೇನೆ. ಕೆಂಪು ಲೈಟ್ ಬಂದರೆ ಎಲ್ಲಿದ್ದೀರೋ ಅಲ್ಲೇ ಪಕ್ಕಕ್ಕೆ ಹಾಕಿ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿ. ಕಾಡಾಗಲಿ, ಕತ್ತಲಾಗಲಿ. ಅವತ್ತು ಇಂಜಿನ್ ಸೀಜ್ ಆದ ಮೇಲೂ ನಾವು ಐದು ಜನ ಅದೇ ಕತ್ತಲಲ್ಲಿ ಎರಡು ಗಂಟೆ ಕಾದೆವು.