‘ಅವ್ರು ಎದ್ದು ಹೋಗಲ್ಲ ಮೇಡಂ’

ಹತ್ತು ವರ್ಷದ ಹಿಂದೆ ಅಪ್ಪ ಅಮ್ಮ ತಮ್ಮ ಮಕ್ಕಳನ್ನು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆತರುತ್ತಿದ್ದರು. ‘ಸದಾ ಫೇಸ್‌ಬುಕ್, ಪುಸ್ತಕ ಮುಟ್ಟಲ್ಲ’ ಅನ್ನೋದು ದೂರು. ಕೊರೊನಾ ಕಳೆದ ಮೇಲೆ ಚಿಕ್ಕಬಳ್ಳಾಪುರದ ನನ್ನ ಕೋಣೆಗೆ ಮಕ್ಕಳೇ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಬರುತ್ತಿದ್ದಾರೆ. ದೂರು ಮಾತ್ರ ಹೆಚ್ಚು ಕಡಿಮೆ ಅದೇ. ಇಂಥದ್ದು ಎಷ್ಟೋ ನೋಡಿದ್ದೇನೆ. ಈ ಒಂದು ಮಾತ್ರ ಮನಸ್ಸಿನಿಂದ ಹೋಗಲೊಲ್ಲದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ 54. ಶಿಡ್ಲಘಟ್ಟ ಕಡೆಯ ಹಳ್ಳಿ. ಗಂಡ ತೀರಿಕೊಂಡಿದ್ದಾರೆ. ಸ್ವಲ್ಪ ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳ ಮೇಯಿಸುತ್ತಾರೆ. ಮಗಳು ಬೆಂಗಳೂರಿನಲ್ಲಿ. ಮಗ ನರಸಾಪುರದ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗಿ ಅಲ್ಲೇ ಬಾಡಿಗೆ ಮನೆ ಮಾಡಿದ್ದಾನೆ. ಕರೆತಂದವನು ಅವನೇ. ‘ರಾತ್ರಿ ಎರಡು ಗಂಟೆವರೆಗೂ ರೀಲ್ಸ್ ನೋಡ್ತಾರೆ ಮೇಡಂ. ಬೆಳಗ್ಗೆ ಸೊಪ್ಪು ಹಾಕೋದು ತಡ ಆಗಿ ಹೋದ ಬೆಳೆ ಕೆಟ್ಟೋಯ್ತು. ಫೋನಿಗೆ ಲಾಕ್ ಹಾಕೋ ಆಪ್ ಯಾವುದಾದ್ರೂ ಇದ್ರೆ ಹೇಳಿ’ ಅಂದ. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ತಲೆ ತಗ್ಗಿಸಿ ಕೂತಿದ್ದರು. ಮೊದಲ ದಿನ ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ.

ಎರಡನೇ ಸಲ ಬಂದಾಗ, ‘ಅಮ್ಮ, ನೀವು ಫೋನಲ್ಲಿ ನೋಡೋದನ್ನ ನನಗೂ ತೋರಿಸ್ತೀರಾ?’ ಅಂತ ಕೇಳಿದೆ. ರೀಲ್ಸ್ ತೆಗೆಯುತ್ತಾರೆ ಅಂದುಕೊಂಡಿದ್ದೆ. ತೆಗೆದದ್ದು ವಾಟ್ಸಾಪಿನಲ್ಲಿದ್ದ ಮನೆಯವರ ಗ್ರೂಪು. ಒಳಗೆ 31 ಜನ. ಹೆಬ್ಬೆರಳಿನಿಂದ ಮೇಲಕ್ಕೆ ಎಳೆಯುತ್ತ ಎಳೆಯುತ್ತ 2019ಕ್ಕೆ ಹೋದರು. ಅಲ್ಲಿ ಯಾರದೋ ಮಗುವಿನ ನಾಮಕರಣ, ಕಾಳಿನ ಸಾರಿಗೆ ಹುಳಿ ಜಾಸ್ತಿಯಾಯಿತೆಂಬ ಜಗಳ, ಅತ್ತಿಗೆಯ ಧ್ವನಿಯಲ್ಲಿ ‘ಊಟ ಆಯ್ತಾ?’. ಮತ್ತೆ ಕೆಳಗೆ ಬಂದರು. ಬರಬರುತ್ತ ಮಾತು ಕಡಿಮೆ, ಹೂವಿನ ಚಿತ್ರದ ಶುಭೋದಯ ಜಾಸ್ತಿ, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ವಿಡಿಯೊಗಳು. ಅವುಗಳ ನಡುವೆ ಒಂದು ಫೋಟೊ ಹತ್ತಿರ ನಿಂತರು. ಚಂದ್ರಿಕೆ ಮೇಲೆ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಯ ಮೇಲೆ, ಬಿಟ್ಟ ಹುಳಗಳು. ಕೆಳಗೆ ಆಕೆಯೇ ಬರೆದದ್ದು: ‘ಹುಳ ಹಣ್ಣಾಯ್ತು’. ಒಂದು ಬೆಳೆ ಕೈಗೆ ಬಂತು ಅನ್ನೋ ಸುದ್ದಿ ಅದು. ಉತ್ತರವಿಲ್ಲ. ಅದರ ಕೆಳಗೆ ಯಾರೋ ಹಾಕಿದ ಏಕಾದಶಿಯ ಶುಭಾಶಯ.

ಆಮೇಲೆ ಆಕೆ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಆ ಮೆಸೇಜನ್ನು ಒತ್ತಿ ಹಿಡಿದು, ಯಾರು ಯಾರು ನೋಡಿದ್ದಾರೆ ಅನ್ನೋ ಪಟ್ಟಿ ತೆಗೆದರು. 26 ಹೆಸರು. ಎಷ್ಟು ಸಲ ತೆಗೆದು ನೋಡಿದ್ದರೋ, ಬೆರಳು ತಡಕಾಡಲೇ ಇಲ್ಲ.

‘ಮೊದ್ಲು ಇದ್ರೊಳಗೆ ನಮ್ಮೋರು ಇದ್ರು ಮೇಡಂ. ಈಗ ಯಾರ್ಯಾರೋ ಇದಾರೆ. ಆದ್ರೆ ಅವ್ರು ಮಾತಾಡ್ತಾನೇ ಇರ್ತಾರೆ, ಎದ್ದು ಹೋಗಲ್ಲ.’

ಮಗ ಬಗ್ಗಿ ಪಟ್ಟಿ ನೋಡಿದ. ಅವನ ಹೆಸರೂ ಇತ್ತು.

ದೊಡ್ಡವರ ಫೋನ್ ಬಳಕೆಯಲ್ಲಿ ಆಗಿರುವ ಬದಲಾವಣೆಯನ್ನು ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ನಾವು ತಲೆ ಎಣಿಸುತ್ತೇವೆ, ಗಂಟೆ ಎಣಿಸುತ್ತೇವೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2005ರಲ್ಲಿ ಎಣಿಸಲು ಶುರು ಮಾಡಿದಾಗ, ಅಲ್ಲಿನ ವಯಸ್ಕರಲ್ಲಿ ಸಾಮಾಜಿಕ ಜಾಲತಾಣ ಬಳಸುತ್ತಿದ್ದವರು ನೂರಕ್ಕೆ 5 ಜನ. 2021ಕ್ಕೆ 72. ಅರವತ್ತೈದು ದಾಟಿದವರಲ್ಲೇ 45. ನಮ್ಮ ಕಡೆ 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಯ ಅಜ್ಜಿಯ ಕೈಗೂ ಫೋನ್ ಬಂತು. ಆದರೆ ಒಳಗೆ ಇದ್ದವರು ಯಾರು? ಆರ್ಕುಟ್ ಆಗಲಿ ಮೊದಮೊದಲ ಫೇಸ್‌ಬುಕ್ ಆಗಲಿ, ಪರಿಚಯದವರನ್ನು ಹುಡುಕಿಕೊಂಡು ಹೋಗುವ ಜಾಗಗಳಾಗಿದ್ದವು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈಗೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರಿಗೆ ಯೂಟ್ಯೂಬ್ ಶಾರ್ಟ್ಸ್. ಅಲ್ಲಿ ಯಾರನ್ನೂ ಹುಡುಕಬೇಕಿಲ್ಲ. ಒಂದನ್ನು ಎಷ್ಟು ಹೊತ್ತು ನೋಡಿದಿರಿ ಅನ್ನುವುದನ್ನು ಗಮನಿಸಿ ಇನ್ನೊಂದನ್ನು ಅದೇ ತಂದು ಇಡುತ್ತದೆ.

‘ಅಮ್ಮ, ಹುಳ ಜ್ವರಕ್ಕೆ ಕೂತಾಗ ಏನು ಮಾಡ್ತೀರಿ?’ ಅಂದೆ. ಪೊರೆ ಬಿಡುವ ಮುಂಚೆ ಹುಳ ಮೇಯದೆ ಸುಮ್ಮನಾಗುವುದಕ್ಕೆ ಜ್ವರ ಅನ್ನುತ್ತಾರೆ. ಮೊದಲ ಸಲ ತಲೆ ಎತ್ತಿದರು. ‘ಸೊಪ್ಪು ಹಾಕಂಗಿಲ್ಲ. ಸುಣ್ಣ ಉದುರಿಸಿ ಬಿಡೋದು. ಎಲ್ಲಾ ಎದ್ದ ಮೇಲೆ ಹಾಕ್ಬೇಕು. ಇಲ್ಲಾಂದ್ರೆ ಕೆಲವು ಮುಂದೆ, ಕೆಲವು ಹಿಂದೆ ಆಗ್ತವೆ’ ಅಂದರು. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ, ನಾಲ್ಕು ಸಲವೂ ತಿನ್ನೋದು ನಿಲ್ಲುತ್ತದೆ. ಫೋನ್ ತಾನಾಗಿ ನಿಲ್ಲೋದೇ ಇಲ್ಲ, ಅದನ್ನ ಹಾಗೇ ಮಾಡಿದಾರೆ, ಇದು ನಿಮ್ಮ ತಪ್ಪಲ್ಲ ಅಂತ ಹೇಳಿದೆ. ಮುಖ ಸ್ವಲ್ಪ ಸಡಿಲವಾಯಿತು.

ಲಾಕ್ ಹಾಕುವ ಆಪ್ ಬೇಡ ಅಂದೆ. ಅಲಾರಾಂಗೆಂದು ಫೋನ್ ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಒಂದು ಅಲಾರಾಂ ಗಡಿಯಾರ ತಂದುಕೊಡು, ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ ಅಂತ ಮಗನಿಗೆ ಹೇಳಿದೆ. ರಾತ್ರಿ ಕೊನೆಯ ಸಲ ಸೊಪ್ಪು ಹಾಕಿ ಆಕೆ ಕೂತ ಮೇಲೆ ಅವನೇ ಫೋನ್ ಮಾಡಬೇಕು. ಮೆಸೇಜು ಬೇಡ, ಮಾತು. ಫೋನ್ ಇಟ್ಟಾದ ಮೇಲೆ ಅರ್ಧ ಗಂಟೆ ರೀಲ್ಸ್ ನೋಡಿಕೊಳ್ಳಲಿ. ಮೂರು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಬೇಕು, ಅಷ್ಟರೊಳಗೆ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು ಅಂತಲೂ ಬರೆದುಕೊಟ್ಟೆ.

ನನ್ನ ಜೊತೆಗಾರರೊಬ್ಬರಿಗೆ ಇದು ಹಿಡಿಸಲಿಲ್ಲ. ತಾಯಿಯ ಚಟಕ್ಕೆ ಮಗನನ್ನು ಹೊಣೆ ಮಾಡಿದೆ, ದುಡಿಯೋ ಹುಡುಗನ ತಲೆ ಮೇಲೆ ಇನ್ನೊಂದು ಭಾರ ಹೊರಿಸಿದೆ ಅಂದರು. ಹೌದು, ಭಾರವೇ. ಮಗ ಪಾಳಿ ಕೆಲಸ ಮುಗಿಸಿ ಬಂದಿರುತ್ತಾನೆ, ಅವನಿಗೂ ಸುಸ್ತು. ಆದರೂ ಸಲಹೆ ಬದಲಿಸಲಾರೆ. ಲಾಕ್ ಹಾಕಿದ್ದರೆ ಉಳಿದಿದ್ದ ಆ ಒಂದು ಸದ್ದನ್ನೂ ಆ ಮನೆಯಿಂದ ತೆಗೆದುಬಿಡುತ್ತಿದ್ದೆವು. ಅದರ ಜಾಗಕ್ಕೆ ಏನನ್ನೂ ಕೊಡದೆ ಕಿತ್ತುಕೊಳ್ಳುವುದು ನನ್ನ ಕೈಯಲ್ಲಾಗದು. ತಾಯಿಯ ಫೋನ್ ಎಷ್ಟು ಹೊತ್ತು ಉರಿಯುತ್ತದೆ ಅಂತ ಲೆಕ್ಕ ಇಟ್ಟವರನ್ನು ನಾನು ಕೇಳುವುದು ಒಂದೇ: ಆಕೆ ಕೊನೆಯದಾಗಿ ಏನು ಕಳಿಸಿದ್ದರು, ನೀವು ಏನು ಉತ್ತರ ಕೊಟ್ಟಿರಿ?

ಮೂರನೇ ಸಲ ಬಂದಾಗ ಎಲ್ಲ ಸರಿಹೋಗಿರಲಿಲ್ಲ. ಗಡಿಯಾರ ಬಂದಿತ್ತು. ಫೋನ್ ಕೆಲವು ರಾತ್ರಿ ಅಡುಗೆಮನೆಯಲ್ಲಿ, ಕೆಲವು ರಾತ್ರಿ ಮತ್ತೆ ದಿಂಬಿನ ಪಕ್ಕ. ಮಲಗುವುದು ಹನ್ನೊಂದು, ಹನ್ನೊಂದೂವರೆ. ಮಗ ವಾರದಲ್ಲಿ ನಾಲ್ಕು ದಿನ ಫೋನ್ ಮಾಡುತ್ತಾನಂತೆ. ‘ಏನು ಮಾತಾಡ್ತೀರಿ?’ ಅಂದೆ. ‘ಏನಿಲ್ಲ ಮೇಡಂ, ಇವತ್ತು ಗೂಡಿನ ರೇಟು ಎಷ್ಟು ಅಂತ ಕೇಳ್ತಾನೆ’ ಅಂದರು.

ನಾಲ್ಕನೇ ಸಲಕ್ಕೆ ಬರಲಿಲ್ಲ. ಮಗ ಫೋನ್ ಮಾಡಿದ್ದ: ಅವತ್ತು ಗೂಡು ಬಿಡಿಸೋ ದಿನ, ತಾನೂ ರಜೆ ಹಾಕಿ ಊರಿಗೆ ಹೋಗುತ್ತಿದ್ದೇನೆ ಅಂದ.