ಸುಮ್ನೆ ಕೂಡದ ಮಗುವಿಗೆ ಯಾವ ಶಾಲೆ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ, ಎರಡನೇ ಕ್ಲಾಸ್ ಮುಗಿಸಿದ್ದಾನೆ. ಹೋದ ದೀಪಾವಳಿ ಹೊತ್ತಿಗೆ ಧಾರವಾಡದಲ್ಲಿ ತೋರಿಸಿದೆವು, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದರು. ಈಗಿರುವ ಇಂಗ್ಲಿಷ್ ಶಾಲೆಯಲ್ಲಿ ಒಂದು ಕ್ಲಾಸಿಗೆ 52 ಮಕ್ಕಳು. ಬೆಂಚಿನ ಕೆಳಗೆ ತೂರುತ್ತಾನೆ, ಪಕ್ಕದವರ ಪೆನ್ಸಿಲ್ ಎಳೆಯುತ್ತಾನೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ ಅಂತ ವಾರಕ್ಕೆರಡು ಸಲ ನನ್ನನ್ನು ಕರೆಸುತ್ತಿದ್ದರು. ಮಾರ್ಚ್‌ನಲ್ಲಿ ‘ಬೇರೆ ಕಡೆ ನೋಡಿಕೊಳ್ಳಿ, ಟಿಸಿ ಕೊಡುತ್ತೇವೆ’ ಎಂದುಬಿಟ್ಟರು. ಈಗ ನಮ್ಮ ಮುಂದೆ ಎರಡು ಶಾಲೆ ಇವೆ. ಒಂದು ಊರ ಹೊರಗಿನ ದೊಡ್ಡ ಸಿಬಿಎಸ್‌ಇ ಶಾಲೆ. ಸ್ಮಾರ್ಟ್ ಬೋರ್ಡ್, ಈಜುಕೊಳ ಎಲ್ಲ ಇದೆ, ಬಸ್ 7.20ಕ್ಕೆ ಬರುತ್ತದೆ. ಇನ್ನೊಂದು ನಮ್ಮ ಸೆಕ್ಟರ್‌ನಲ್ಲೇ ಇರುವ ಅನುದಾನಿತ ಕನ್ನಡ ಶಾಲೆ, ಮೂರನೇ ಕ್ಲಾಸಿಗೆ 24 ಮಕ್ಕಳು. ಸಿಬಿಎಸ್‌ಇಯಲ್ಲಿ ಇಂಥ ಮಕ್ಕಳಿಗೆ ಪರೀಕ್ಷೆಗೆ ಜಾಸ್ತಿ ಸಮಯ ಕೊಡುತ್ತಾರೆ ಎಂದು ಮನೆಯವರ ವಾದ. ‘ಅವಗೇನೂ ಆಗಿಲ್ಲ, ಅವರಪ್ಪನೂ ಹಿಂಗೇ ಇದ್ದ’ ಎಂದು ಅತ್ತೆ. ನಾನು ಏನು ಮಾಡಲಿ?
– ಒಬ್ಬ ತಾಯಿ, ನವನಗರ, ಬಾಗಲಕೋಟೆ

ಉತ್ತರ: ನಿಮ್ಮ ಅತ್ತೆಯವರಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಅವರು ಅರ್ಧ ಸರಿ. ಎಡಿಎಚ್‌ಡಿ ಬಹಳ ಮಟ್ಟಿಗೆ ವಂಶದಲ್ಲೇ ಇಳಿದು ಬರುತ್ತದೆ. ‘ಅವರಪ್ಪನೂ ಹಿಂಗೇ ಇದ್ದ’ ಎಂಬ ಮಾತು ಡಾಕ್ಟರ್ ಹೇಳಿದ್ದನ್ನು ಸುಳ್ಳು ಮಾಡುವುದಿಲ್ಲ, ಇನ್ನಷ್ಟು ಗಟ್ಟಿ ಮಾಡುತ್ತದೆ. ಇದನ್ನು ಅತ್ತೆಯವರಿಗೆ ಹೇಳುವಾಗ ಮಾತ್ರ ನಿಮ್ಮ ಮನೆಯವರು ಎದುರಿಗಿಲ್ಲದಂತೆ ನೋಡಿಕೊಳ್ಳಿ!

ಟಿಸಿ ಮಾತಿಗೆ ಬರೋಣ. ಎಂಟನೇ ಕ್ಲಾಸ್ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಫೇಲ್ ಮಾಡುವ ವಿಷಯ ಬದಲಾಯಿತೇ ಹೊರತು ಇದು ಬದಲಾಗಲಿಲ್ಲ. ಶಾಲೆಯವರಿಗೂ ಗೊತ್ತಿರುತ್ತದೆ, ಅದಕ್ಕೇ ‘ತೆಗೆದುಹಾಕುತ್ತೇವೆ’ ಎನ್ನದೆ ‘ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ. ನೀವಾಗಿಯೇ ಅರ್ಜಿ ಬರೆದುಕೊಟ್ಟರೆ ಅವರ ಕೈ ಸ್ವಚ್ಛ, ಅಲ್ವಾ? ಹಾಗಂತ ಜಗಳ ಆಡಿ ಅಲ್ಲೇ ಉಳಿಸಿ ಎಂದು ನಾನು ಹೇಳುವುದಿಲ್ಲ. ಬೇಡವಾದ ಮಗುವಾಗಿ ದಿನಾ ಆರು ತಾಸು ಕೂರುವುದು ದೊಡ್ಡವರಿಗೇ ಕಷ್ಟ. ಆದರೆ ಇನ್ನೊಂದು ಶಾಲೆಯಲ್ಲಿ ಸೀಟು ಖಾತ್ರಿಯಾಗುವ ತನಕ ಟಿಸಿಗೆ ಅರ್ಜಿ ಕೊಡಬೇಡಿ. ಹೆದರಿಸಿದರು ಅಂತ ಮೇ ತಿಂಗಳಲ್ಲಿ ಟಿಸಿ ಕೈಯಲ್ಲಿ ಹಿಡಿದು ಊರೆಲ್ಲ ಸುತ್ತಿದವರನ್ನು ನೋಡಿದ್ದೇನೆ.

ಹೆಚ್ಚು ಸಮಯದ ವಾದಕ್ಕೆ ಇಷ್ಟೇ ಸಾಕು. ಸಿಬಿಎಸ್‌ಇಯಲ್ಲಿ ತಾಸಿಗೆ 20 ನಿಮಿಷ ಹೆಚ್ಚು ಕೊಡುವುದು ನಿಜ. ಅದಕ್ಕೆ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಓದುವ, ಬರೆಯುವ ತೊಂದರೆಯೂ ಜೊತೆಗಿರುತ್ತದೆ. ಅಕ್ಷರ ಕೂಡಿಸಲು ಮಗ ಒದ್ದಾಡುತ್ತಿದ್ದರೆ ಅದನ್ನೂ ಪರೀಕ್ಷೆ ಮಾಡಿಸಿ, ಎಂಟು ತುಂಬಿದ ಮೇಲೆ ಆ ಸರ್ಟಿಫಿಕೇಟ್ ಕೊಡುತ್ತಾರೆ. ಇಂಥ ರಿಯಾಯಿತಿ ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಉಂಟು. ಹತ್ತನೇ ಕ್ಲಾಸಿನ ಪರೀಕ್ಷೆ ನೆನೆದು ಮೂರನೇ ಕ್ಲಾಸಿನ ಶಾಲೆ ಹುಡುಕುವುದು ನನಗಂತೂ ಸರಿ ಕಾಣುವುದಿಲ್ಲ.

ನನ್ನನ್ನು ಕೇಳಿದರೆ ಬೋರ್ಡ್ ಯಾವುದು, ಕಟ್ಟಡ ಎಷ್ಟು ಅಂತಸ್ತು ಎನ್ನುವುದು ಎರಡನೇ ಮಾತು. ಜೂನ್‌ನಿಂದ ಮಾರ್ಚ್‌ವರೆಗೆ ನಿಮ್ಮ ಮಗನ ಎದುರು ನಿಲ್ಲುವ ಆ ಒಬ್ಬ ಟೀಚರ್ ಯಾರು, ಅವರ ಮುಂದೆ ಎಷ್ಟು ತಲೆ ಇರುತ್ತವೆ, ಅದನ್ನು ಮೊದಲು ನೋಡಿ. ಒಂದರಿಂದ ಐದನೇ ಕ್ಲಾಸಿಗೆ 30 ಮಕ್ಕಳಿಗೊಬ್ಬ ಶಿಕ್ಷಕರು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. 52 ಮಕ್ಕಳ ನಡುವೆ ಅಕ್ಕೋರು ಎಷ್ಟೇ ಒಳ್ಳೆಯವರಿದ್ದರೂ ನಿಮ್ಮ ಮಗನ ಹೆಸರು ಅವರ ಬಾಯಲ್ಲಿ ಬೈಗುಳವಾಗಿಯೇ ಬರುತ್ತದೆ. ಅವರದ್ದೂ ತಪ್ಪಲ್ಲ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಟೀಚರ್ ಆಗಿದ್ದ ಮೊದಲ ವರ್ಷ ಇಂಥದ್ದೇ ಹುಡುಗನೊಬ್ಬನನ್ನು ಒಂದು ಇಡೀ ತಿಂಗಳು ಬಾಗಿಲ ಹೊರಗೆ ನಿಲ್ಲಿಸಿದ್ದೆ. ಕ್ಲಾಸು ತಣ್ಣಗಾಯಿತು ಅಂತ ಖುಷಿಯೂ ಪಟ್ಟಿದ್ದೆ. ಅವನು ಬೇವಿನ ಮರದ ಅಳಿಲು ಎಣಿಸುತ್ತಾ ಆರಾಮಾಗಿದ್ದ, ಮಗ್ಗಿ ಮಾತ್ರ ಕಲಿಯಲಿಲ್ಲ. ಆಮೇಲೆ ಹಿರಿಯ ಟೀಚರೊಬ್ಬರು ಅವನಿಗೆ ಚಾಕ್ ತರುವ, ಹಾಜರಿ ಪುಸ್ತಕ ಆಫೀಸಿಗೆ ಮುಟ್ಟಿಸುವ, ಬೋರ್ಡ್ ಒರೆಸುವ ಕೆಲಸ ಹಚ್ಚಿದರು. ಹೇಗೂ ಏಳುವ ಹುಡುಗ, ಕೆಲಸಕ್ಕೆ ಎದ್ದರೆ ಯಾರೂ ಬೈಯುವ ಹಾಗಿಲ್ಲವಲ್ಲ!

ಹಾಗಾಗಿ ಎರಡೂ ಶಾಲೆಗೆ ಹೋಗಿ, ಆದರೆ ಬೆಳಗ್ಗೆ ಪ್ರಾರ್ಥನೆ ಹೊತ್ತಿಗೆ ಬೇಡ. ಆಗ ಎಲ್ಲ ಶಾಲೆಯೂ ಚಂದ ಕಾಣುತ್ತದೆ. ಮಧ್ಯಾಹ್ನ ಊಟ ಮುಗಿದ ಮೇಲೆ, ಮಕ್ಕಳೂ ಟೀಚರೂ ಸುಸ್ತಾದ ಹೊತ್ತಿಗೆ ಹೋಗಿ. ರಜೆಯಿದ್ದರೆ ಶಾಲೆ ಶುರುವಾದ ಮೊದಲ ವಾರ ಹೋಗಿ ನೋಡಿದರೂ ನಡೆಯುತ್ತದೆ. ಕಾರಿಡಾರಿನಲ್ಲಿ ಸುಮ್ನೆ ಐದು ನಿಮಿಷ ನಿಂತು ಕೇಳಿ, ಟೀಚರ್ ದನಿ ಎಷ್ಟು ಎತ್ತರದಲ್ಲಿದೆ, ಯಾರಾದರೂ ಹೊರಗೆ ನಿಂತಿದ್ದಾರಾ, ಮೊಣಕಾಲ ಮೇಲೆ ಕೂತಿದ್ದಾರಾ. ಹೊಡೆಯುವುದು, ಹೀಯಾಳಿಸುವುದು ಎರಡಕ್ಕೂ ಕಾಯ್ದೆಯ 17ನೇ ಕಲಂನಲ್ಲಿ ನಿಷೇಧ ಇದೆ, ಆದರೂ ಬೆತ್ತ ಕಪಾಟಿನ ಮೇಲೆ ಕಾಣುವ ಶಾಲೆಗಳು ಇವೆ.

ಆಮೇಲೆ ಹೆಡ್‌ಮೇಷ್ಟ್ರ ಬಳಿ ‘ಇಂಥ ಮಗುವನ್ನು ತಗೋತೀರಾ’ ಎಂದು ಕೇಳಬೇಡಿ. ಸೀಟು ಖಾಲಿ ಇದ್ದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಗಣಿತದ ಪಿರಿಯಡ್‌ನಲ್ಲಿ ಮೂರನೇ ಸಲ ಎದ್ದರೆ ಏನು ಮಾಡ್ತೀರಿ’ ಎಂದು ಕೇಳಿ. ‘ನಮ್ಮಲ್ಲಿ ಶಿಸ್ತು ಭಾಳ ಇದೆ, ಒಂದು ತಿಂಗಳಲ್ಲಿ ಸರಿ ಮಾಡ್ತೀವಿ’ ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ‘ನೀರು ತರಲು ಕಳಿಸ್ತೀವಿ’, ‘ಮುಂದಿನ ಬೆಂಚಿಗೆ ಕರೀತೀವಿ’, ‘ಹತ್ತು ಲೆಕ್ಕದ ಬದಲು ಐದು ಮಾಡಿಸ್ತೀವಿ’ ಇಂಥ ಚಿಕ್ಕಪುಟ್ಟ ಮಾತು ಬಂದರೆ ಕುಳಿತು ಚಹಾ ಕುಡಿಯಿರಿ. ಇನ್ನೊಂದು ಪ್ರಶ್ನೆ, ತಪ್ಪು ಮಾಡಿದರೆ ಆಟದ ಪಿರಿಯಡ್ ಕಟ್ ಮಾಡ್ತೀರಾ? ಓಡಾಡಿದಷ್ಟೂ ಹದಕ್ಕೆ ಬರುವ ಮಗುವಿಗೆ ಆಟ ಕಿತ್ತುಕೊಂಡರೆ ಮುಂದಿನ ಪಿರಿಯಡ್ ಕಥೆ ಮುಗಿದಂತೆ. ಈಜುಕೊಳದ ಬಗ್ಗೆಯೂ ಕೇಳಿ ಬಿಡಿ, ಮೂರನೇ ಕ್ಲಾಸಿನವರನ್ನು ವಾರಕ್ಕೆಷ್ಟು ಸಲ ಇಳಿಸುತ್ತಾರೆ ಅಂತ.

ಮಗುವಿನ ವಿಷಯ ಮುಚ್ಚಿಡಬೇಡಿ. ಪ್ರವೇಶಕ್ಕೆ ಮಗುವನ್ನು ಪರೀಕ್ಷೆ ಮಾಡಿ ಸೋಸುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿಲ್ಲ, ಹಾಗಾಗಿ ಹೇಳಿದರೆ ಸೀಟು ತಪ್ಪುತ್ತದೆ ಎಂದು ಹೆದರುವುದು ಬೇಡ. ಹೇಳಿದ್ದಕ್ಕೆ ಮುಖ ಗಂಟಿಕ್ಕುವ ಶಾಲೆಯಾದರೆ ಏಪ್ರಿಲ್‌ನಲ್ಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಈ ಎರಡರಲ್ಲಿ ಯಾವುದು? ಕಾಗದದಲ್ಲಿ ಓದಿದಷ್ಟಕ್ಕೆ ನಾನು ನಿಮ್ಮ ಸೆಕ್ಟರ್‌ನ ಕನ್ನಡ ಶಾಲೆ ಕಡೆ ವಾಲುತ್ತೇನೆ. 24 ಮಕ್ಕಳು. ನಡೆದುಹೋಗುವ ದೂರ. 7.20ರ ಬಸ್ ಎಂದರೆ ಆರಕ್ಕೆ ಎಬ್ಬಿಸಬೇಕು, ಒಂದು ಬೂಟು ಸಿಗುವುದಿಲ್ಲ, ಇನ್ನೊಂದು ಸಿಗುವಷ್ಟರಲ್ಲಿ ಹಾರ್ನ್, ಆಮೇಲೆ ಬಸ್ಸಿನಲ್ಲಿ ದೊಡ್ಡ ಹುಡುಗರ ಜೊತೆ ಜಗಳ. ಪಾಠ ಶುರುವಾಗುವ ಮೊದಲೇ ಅವನ ದಿನದ ತಾಳ್ಮೆ ಖರ್ಚಾಗಿರುತ್ತದೆ. ಇನ್ನು ಭಾಷೆ. ‘ಪುಸ್ತಕ ತೆಗಿ, 34ನೇ ಪುಟ, ಎರಡನೇ ಪ್ರಶ್ನೆ, ಪೆನ್ಸಿಲಲ್ಲಿ ಬರಿ’ ಎಂದರೆ ಇಂಥ ಮಕ್ಕಳಿಗೆ ಪುಟದ ಸಂಖ್ಯೆ ಬರುವಷ್ಟರಲ್ಲಿ ಪುಸ್ತಕವೇ ಮರೆತಿರುತ್ತದೆ. ಅದನ್ನೇ ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಕೇಳಬೇಕು ಎಂದರೆ ಹೊರೆ ದುಪ್ಪಟ್ಟು. ಇಂಗ್ಲಿಷ್ ಶಾಲೆಯಿಂದ ಬರುತ್ತಿರುವುದರಿಂದ ಮೊದಲ ಆರು ತಿಂಗಳು ಕನ್ನಡ ಬರೆಯಲು ಮನೆಯಲ್ಲಿ ಸ್ವಲ್ಪ ಕೂರಿಸಬೇಕಾದೀತು, ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಸರ್ಕಾರಿ, ಅನುದಾನಿತ ಶಾಲೆಗೆ ಇನ್ನೊಂದು ಅನುಕೂಲ ಇದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಎನ್ನುವ ಶಿಕ್ಷಕರಿರುತ್ತಾರೆ. ಹೆಡ್‌ಮೇಷ್ಟ್ರ ಮೂಲಕ ಅವರನ್ನು ಕರೆಸಿ ಟೀಚರ್ ಜೊತೆ ಮಾತಾಡಿಸಬಹುದು.

ಆದರೆ ಕನ್ನಡ ಶಾಲೆಯ ಟೀಚರ್ ಬೆತ್ತದವರಾಗಿದ್ದು, ಸಿಬಿಎಸ್‌ಇ ಶಾಲೆಯ ಟೀಚರ್ ಮೇಲಿನ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟರೆ ನನ್ನ ಮಾತು ಬಿಟ್ಟು ಬಸ್ ಹತ್ತಿಸಿ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸ್. ಎಡಿಎಚ್‌ಡಿಗೆ ಒಂದು ವರ್ಷದಿಂದ ಮಾತ್ರೆ ನಡೆದಿದೆ, ಸುಧಾರಿಸಿದ್ದಾನೆ. ನಮ್ಮಲ್ಲಿ ಎಲ್ಲರೂ ಸೈನಿಕ ಶಾಲೆ, ನವೋದಯ ಕೋಚಿಂಗ್‌ಗೆ ಮಕ್ಕಳನ್ನು ವಸತಿ ಶಾಲೆಯಲ್ಲಿ ಬಿಡುತ್ತಾರೆ. ‘ಹಾಸ್ಟೆಲ್‌ಗೆ ಹಾಕ್ರಿ, ಶಿಸ್ತು ಬರ್ತದ’ ಎಂದು ನಮ್ಮ ಅಣ್ಣನವರು ಹೇಳುತ್ತಿದ್ದಾರೆ. ಬಿಡಬಹುದಾ?
– ಒಬ್ಬ ತಂದೆ, ವಿಜಯಪುರ

ಉತ್ತರ: ಈಗ ಬೇಡ.

ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಊರಿನ ಪ್ರತಿ ಓಣಿಯಲ್ಲೂ ಆ ಆಸೆ ಇದ್ದರೆ ತಪ್ಪೇನಿಲ್ಲ. ಆದರೆ ಲೆಕ್ಕ ನೋಡಿ. ಸೈನಿಕ ಶಾಲೆಯ ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆ ಎರಡೂವರೆ ತಾಸು, 125 ಪ್ರಶ್ನೆ. ನವೋದಯದ್ದು ಎರಡು ತಾಸು, 80 ಪ್ರಶ್ನೆ. ಇದಕ್ಕಾಗಿ ಎಷ್ಟೋ ಕಡೆ ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಿ ರಾತ್ರಿವರೆಗೆ ಕೂರಿಸುತ್ತಾರೆ. ನಿದ್ದೆಗೆಟ್ಟರೆ ಎಡಿಎಚ್‌ಡಿ ಮಕ್ಕಳ ಗಮನ ಇನ್ನಷ್ಟು ಹಾಳಾಗುತ್ತದೆ. ಮಾತ್ರೆಯಿಂದ ಹಸಿವು ಕಡಿಮೆಯಾಗುವುದು ಸಾಮಾನ್ಯ; ಮಧ್ಯಾಹ್ನ ಉಣ್ಣದವನು ರಾತ್ರಿ ಒಂಬತ್ತಕ್ಕೆ ರೊಟ್ಟಿ ಕೇಳುತ್ತಾನೆ, ಮನೆಯಲ್ಲಿ ಅವ್ವ ಕೊಡುತ್ತಾಳೆ, ಹಾಸ್ಟೆಲ್‌ನಲ್ಲಿ ಆ ಹೊತ್ತಿಗೆ ಅಡುಗೆಮನೆ ಬಾಗಿಲು ಹಾಕಿರುತ್ತದೆ. ತೂಕ ಇಳಿಯಿತಾ, ಮಾತ್ರೆ ತಪ್ಪಿತಾ ಅಂತ ನೂರು ಮಕ್ಕಳ ವಾರ್ಡನ್ ನೋಡಲಿಕ್ಕಾಗುತ್ತಾ?

ಶಿಸ್ತಿನ ಮಾತು ಪೂರ್ತಿ ಸುಳ್ಳಲ್ಲ. ಇಂಥ ಮಕ್ಕಳಿಗೆ ದಿನಾ ಒಂದೇ ವೇಳೆಗೆ ಏಳುವುದು, ಉಣ್ಣುವುದು, ಆಡುವುದು ಬಹಳ ಒಳ್ಳೆಯದು. ಆದರೆ ಆ ಕ್ರಮ ತಪ್ಪಿದಾಗ ತಾಳ್ಮೆಯಿಂದ ಮತ್ತೆ ದಾರಿಗೆ ತರುವವರು ಬೇಕು, ಪೆಟ್ಟು ಕೊಡುವವರಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮಕ್ಕಳ ಮಿದುಳಿನ ಹೊರಪದರ ಎಲ್ಲರ ಹಾಗೇ ಬಲಿಯುತ್ತದೆ, ಆದರೆ ಸರಾಸರಿ ಮೂರು ವರ್ಷ ತಡವಾಗಿ ಎಂದು ಕಂಡುಬಂತು. ನಿಮ್ಮ ಅಣ್ಣನವರಿಗೆ ಇದನ್ನೇ ಹೇಳಿ: ಒಂಬತ್ತರ ಹುಡುಗನನ್ನು ಹಾಸ್ಟೆಲ್‌ಗೆ ಬಿಡುತ್ತಿದ್ದೀರಿ ಅಂದುಕೊಂಡಿದ್ದೀರಿ, ತನ್ನನ್ನು ತಾನು ಸಂಭಾಳಿಸುವ ವಿಷಯದಲ್ಲಿ ಅವನಿನ್ನೂ ಆರೇಳರ ಹುಡುಗ.

ಪರೀಕ್ಷೆ ಬರೆಯುವ ಆಸೆ ಅವನಿಗೇ ಇದ್ದರೆ ಮನೆಯಿಂದಲೇ ಹೋಗಿಬರುವ ಒಂದು ತಾಸಿನ ಕ್ಲಾಸಿಗೆ ಹಾಕಿ, 20 ನಿಮಿಷಕ್ಕೊಮ್ಮೆ ಎದ್ದು ಓಡಾಡಲು ಬಿಡುವ ಕಡೆ. ಆಯ್ಕೆಯಾದರೆ ಅಲ್ಲೂ ಹಾಸ್ಟೆಲೇ, ಸೈನಿಕ ಶಾಲೆಯಲ್ಲಾದರೆ ವೈದ್ಯಕೀಯ ತಪಾಸಣೆಯೂ ಇದೆ. ಫಾರಂ ತುಂಬುವ ಮೊದಲು ನಿಮ್ಮ ಡಾಕ್ಟರ ಜೊತೆ ಇದನ್ನು ಮಾತಾಡಿ.

ಪ್ರಶ್ನೆ: ಮಗಳು ಐದನೇ ಕ್ಲಾಸ್. ಮನೇಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಯಾರಿಗೂ ತಂಟೆ ಮಾಡುವುದಿಲ್ಲ. ಆದರೆ ಕಿಟಕಿ ನೋಡುತ್ತಾ ಕೂರುತ್ತಾಳೆ, ವಾರಕ್ಕೊಂದು ಟಿಫಿನ್ ಡಬ್ಬಿ ಕಳೆಯುತ್ತಾಳೆ, ಗೊತ್ತಿರುವ ಲೆಕ್ಕವನ್ನೂ ಅರ್ಧಕ್ಕೆ ಬಿಡುತ್ತಾಳೆ. ಮೂರು ಭಾಷೆಯಿಂದ ತಲೆ ಕೆಟ್ಟಿದೆ, ಶಾಲೆ ಬದಲಿಸಿ ಎಂದು ಟ್ಯೂಷನ್ ಟೀಚರ್ ಹೇಳುತ್ತಾರೆ.
– ಒಬ್ಬ ತಾಯಿ, ಶಹಾಪುರ, ಬೆಳಗಾವಿ

ಉತ್ತರ: ಮೂರು ಭಾಷೆಯಿಂದ ತಲೆ ಕೆಡುವುದಾದರೆ ಬೆಳಗಾವಿಯ ಅರ್ಧ ಊರಿಗೆ ಕೆಡಬೇಕಿತ್ತು! ಶಾಲೆ ಈಗಲೇ ಬದಲಿಸಬೇಡಿ. ಅಲ್ಲಿ ಅವಳಿಗೆ ಗೆಳತಿಯರಿದ್ದರೆ ಅದೇ ದೊಡ್ಡ ಆಸ್ತಿ.

ಓಡಾಡದ, ಗಲಾಟೆ ಮಾಡದ ಎಡಿಎಚ್‌ಡಿಯೂ ಇದೆ, ಹೆಣ್ಣುಮಕ್ಕಳಲ್ಲಿ ಅದು ತಡವಾಗಿ ಕಣ್ಣಿಗೆ ಬೀಳುತ್ತದೆ. ‘ಪಾಪ, ಶಾಂತ ಹುಡುಗಿ’ ಎಂದು ಐದು ವರ್ಷ ದಾಟಿಸಿಬಿಡುತ್ತಾರೆ. ಅವಳಿಗೆ ಅದೇ ಇದೆ ಎಂದು ನಾನು ಇಲ್ಲಿ ಕುಳಿತು ಹೇಳಲಾರೆ. ಆರು ತಿಂಗಳಿಗಿಂತ ಹೆಚ್ಚು ಕಾಲ, ಮನೆ ಮತ್ತು ಶಾಲೆ ಎರಡೂ ಕಡೆ ಹೀಗಿದೆಯಾ, ಚಿಕ್ಕವಳಿದ್ದಾಗಿನಿಂದಲೂ ಹೀಗಾ ಎಂದು ಡಾಕ್ಟರ್ ಕೇಳುತ್ತಾರೆ, ನೆನಪು ಮಾಡಿಕೊಂಡು ಬರೆದಿಡಿ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡ್ ಕಾಣದೆ ಕಿಟಕಿ ನೋಡುವ ಮಕ್ಕಳೂ ಇರುತ್ತಾರೆ. ನಂತರ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ತೋರಿಸಿ, ಹೆಸರು ಕೇಳಿ ಗಾಬರಿಯಾಗಬೇಡಿ. ಹೋಗುವ ಮೊದಲು ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅಲ್ಲಿಯವರೆಗೆ ಶಾಲೆಯಲ್ಲಿ ಕೇಳಬೇಕಾದ್ದು ಎರಡೇ. ಕಿಟಕಿಯಿಂದ ದೂರ, ಟೀಚರ್ ಕೈಗೆಟುಕುವ ಬೆಂಚು. ಮತ್ತೆ, ಲೆಕ್ಕ ಅರ್ಧಕ್ಕೆ ಬಿಟ್ಟರೆ ಬೈಯುವ ಬದಲು ಪುಸ್ತಕದ ಮೇಲೆ ಒಮ್ಮೆ ಬೆರಳು ತಟ್ಟುವುದು. ಟಿಫಿನ್ ಡಬ್ಬಿಗೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ, ಸದ್ಯಕ್ಕೆ ಅಗ್ಗದ ಪ್ಲಾಸ್ಟಿಕ್‌ದು ಕೊಡಿ.